ಕೆರೆ ತುಂಬಿದ ವರ್ಷವೂ ನೆನಪಿರಬೇಕಾದ ಬರ

2023ರ ಮುಂಗಾರು ಕೈಕೊಟ್ಟಾಗ ರಾಜ್ಯ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. ಆ ವರ್ಷ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ನಾಲ್ಕು ಜನ ಸೇರಿದಲ್ಲೆಲ್ಲ ಮಳೆಯದೇ ಮಾತು. ‘ಕಾಲ ಕೆಟ್ಟೈತಿ, ಮೊದಲಿನ ಮಳಿ ಈಗೆಲ್ಲೈತಿ’ ಎನ್ನುವುದನ್ನು ಚಹಾದಂಗಡಿಯಿಂದ ಎಪಿಎಂಸಿ ಅಂಗಳದವರೆಗೆ ಎಲ್ಲರೂ ಒಪ್ಪಿದ್ದರು. ಮರುವರ್ಷ ರಾಜ್ಯದಲ್ಲಿ ಮುಂಗಾರು ವಾಡಿಕೆಗಿಂತ ಚೆನ್ನಾಗಿ ಆಯಿತು. ತುಂಗಭದ್ರಾ ಜಲಾಶಯ ತುಂಬಿತು. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲಂತೂ ಮಾತೆಲ್ಲ ಗೇಟು, ಸರಪಳಿ, ನಿರ್ವಹಣೆಯ ಕಡೆ ತಿರುಗಿತು. ಹಿಂದಿನ ವರ್ಷದ ಬರ ಬಾಯಿಂದ ಬಾಯಿಗೆ ಹೋಗುವುದು ನಿಂತೇಹೋಯಿತು.

ಇದನ್ನು ಜನರ ಮರೆಗುಳಿತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಹವಾಮಾನ ಬದಲಾವಣೆಯ ಬಗ್ಗೆ ಜನಾಭಿಪ್ರಾಯ ಜಗತ್ತಿನ ಎಲ್ಲ ಕಡೆಯೂ ಏರಿಳಿಯುತ್ತದೆ. ಆ ಏರಿಳಿತಕ್ಕೆ ಕಾರಣಗಳಿವೆ. ಅವು ಅರ್ಥವಾದರೆ ನಮ್ಮ ಐದು ತಾಲ್ಲೂಕುಗಳಲ್ಲಿ ಏನು ಮಾಡಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಮೊದಲು ಒಂದು ವಿಂಗಡಣೆ ಮಾಡಿಕೊಳ್ಳೋಣ. ‘ಜನಾಭಿಪ್ರಾಯ’ ಎಂದಾಗ ಅದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿರುತ್ತವೆ. ಹವಾಮಾನ ಬದಲಾಗಿದೆಯೇ? ಬದಲಾಗಿದ್ದರೆ ಯಾರಿಂದ, ಯಾವುದರಿಂದ? ಮತ್ತು, ಈ ಹೊತ್ತಿಗೆ ಇದು ಎಷ್ಟು ದೊಡ್ಡ ಚಿಂತೆ? ಮೊದಲನೆಯದಕ್ಕೆ ಉತ್ತರ ಈಗ ಬಹುಮಟ್ಟಿಗೆ ಗಟ್ಟಿಯಾಗಿದೆ. ಎರಡನೆಯದು ತಲೆಮಾರುಗಳ ಲೆಕ್ಕದಲ್ಲಿ ನಿಧಾನವಾಗಿ ಬದಲಾಗುತ್ತದೆ. ಮೂರನೆಯದು ಒಂದು ಹದ ಮಳೆ ಬಿದ್ದರೂ ಬದಲಾಗಿಬಿಡುತ್ತದೆ.

ಬದಲಾಗಿದೆ ಎಂಬುದು ಹೊಲಕ್ಕೆ ಗೊತ್ತು

ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ, ಕೃಷಿ ಲೆಕ್ಕದಲ್ಲಿ ಉತ್ತರ ಒಣವಲಯಕ್ಕೆ ಸೇರುವ ಸೀಮೆ ಇದು. ಮುಂಗಾರಿನ ಮೋಡ ಮಲೆನಾಡಿನಲ್ಲಿ ಸುರಿದು ಹಗುರಾಗಿ ಇತ್ತ ಬರುತ್ತದೆ. ಇಲ್ಲಿ ಜೋರು ಮಳೆಯ ತಿಂಗಳು ಸಾಮಾನ್ಯವಾಗಿ ಸೆಪ್ಟೆಂಬರ್. ಹೀಗಾಗಿ ರೈತರು ಮಳೆಯನ್ನು ತಿಂಗಳ ಲೆಕ್ಕಕ್ಕಿಂತ ನಕ್ಷತ್ರದ ಲೆಕ್ಕದಲ್ಲಿ ಹಿಡಿದವರು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು–ಹದಿನಾಲ್ಕು ದಿನಗಳ ಒಂದೊಂದು ಮಳೆ, ಅದಕ್ಕೆ ತಕ್ಕ ಒಂದೊಂದು ಕೆಲಸ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎನ್ನುವ ಮಾತು ಹುಟ್ಟಿದ್ದು ಈ ಲೆಕ್ಕಾಚಾರದಿಂದಲೇ.

ಈ ಲೆಕ್ಕ ತಪ್ಪುವುದು ಹೇಗೆ ಎಂಬುದಕ್ಕೆ ಒಂದು ಮೆಕ್ಕೆಜೋಳದ ಹೊಲ ಸಾಕು. ಜೂನ್ ನಡುವೆ ಬಿತ್ತಿದ ಬೆಳೆಗೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ ಸೂಲಂಗಿ ಬರುತ್ತದೆ, ಅದರ ಬೆನ್ನಿಗೇ ತೆನೆಯ ರೇಷ್ಮೆ ಹೊರಡುತ್ತದೆ. ಕಾಳು ಕಟ್ಟುವುದು ಆ ಹತ್ತು–ಹದಿನೈದು ದಿನಗಳಲ್ಲಿ. ಆಗ ನೆಲದಲ್ಲಿ ಹಸಿ ಇಲ್ಲದಿದ್ದರೆ ರೇಷ್ಮೆ ಒಣಗುತ್ತದೆ, ಪರಾಗ ಕೂರುವುದಿಲ್ಲ, ತೆನೆಯ ತುದಿ ಬೋಳಾಗಿ ಉಳಿಯುತ್ತದೆ. ಆಮೇಲೆ ಉತ್ತರೆ, ಹಸ್ತ ಮಳೆ ಧಾರಾಳವಾಗಿ ಸುರಿದರೂ ಹೋದ ಕಾಳು ಬರುವುದಿಲ್ಲ. ಬದಲಿಗೆ ಕೊಯ್ಲಿಗೆ ಬಂದ ತೆನೆಗೆ ಬೂಷ್ಟು ಹಿಡಿಯುತ್ತದೆ. ವರ್ಷದ ಕೊನೆಗೆ ಕಚೇರಿಯ ಪಟ್ಟಿಯಲ್ಲಿ ಮಳೆ ‘ವಾಡಿಕೆಯಷ್ಟು’ ಎಂದೇ ಇರಬಹುದು. ರೈತನ ಮನೆಯಲ್ಲಿ ಮಾತ್ರ ಅದು ಬರಗಾಲ. ಇವೆರಡೂ ಸುಳ್ಳಲ್ಲ. ಒಂದು ಒಟ್ಟು ಮೊತ್ತವನ್ನು ನೋಡಿತು, ಇನ್ನೊಂದು ಹದವನ್ನು ನೋಡಿತು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಒಟ್ಟು ಮಳೆಯ ಕೊರತೆಯ ಜೊತೆಗೆ ವಾರಗಟ್ಟಲೆಯ ಒಣ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದು ಈ ಸತ್ಯವನ್ನು ಒಪ್ಪಿಯೇ.

ಹಡಗಲಿ, ಹರಪನಹಳ್ಳಿಯ ನದಿದಂಡೆಯ ಊರುಗಳಲ್ಲಿ ಇನ್ನೊಂದು ವಿಚಿತ್ರವನ್ನೂ ಕಾಣಬಹುದು. ಮಲೆನಾಡಿನಲ್ಲಿ ಮಳೆ ಹೊಡೆದರೆ ತುಂಗಭದ್ರೆ ಉಕ್ಕಿ ದಂಡೆಯ ಗದ್ದೆಗಳು ಮುಳುಗುತ್ತವೆ. ಅಲ್ಲಿಂದ ನಾಲ್ಕಾರು ಹರದಾರಿ ಒಳಗೆ ಹೋದರೆ ಅದೇ ವಾರ ಬೆಳೆ ಬಾಡುತ್ತಿರುತ್ತದೆ. ಒಂದೇ ತಾಲ್ಲೂಕಿನಲ್ಲಿ ನೆರೆಯೂ ಬರವೂ ಒಟ್ಟಿಗೆ ಕಂಡವರಿಗೆ ಹವಾಮಾನ ಬದಲಾಗಿದೆ ಎಂದು ಯಾರೂ ಪಾಠ ಹೇಳಬೇಕಿಲ್ಲ.

ದೇಶದ ಸಮೀಕ್ಷೆಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಭಾರತದಲ್ಲಿ ಸಮೀಕ್ಷೆ ನಡೆಸಿದಾಗ ಜಾಗತಿಕ ತಾಪಮಾನ ಏರಿಕೆಯ ಪರಿಣಾಮ ತಮಗೇ ಅನುಭವಕ್ಕೆ ಬಂದಿದೆ ಎಂದವರು ಶೇ 50. ಸಿವೋಟರ್ ಸಂಸ್ಥೆಯ ಜೊತೆ 2022ರ ಸಮೀಕ್ಷೆ ಮಾಡುವ ಹೊತ್ತಿಗೆ ಅದು ಶೇ 74ಕ್ಕೆ ಏರಿತ್ತು. ಚಿಂತೆಯಾಗಿದೆ ಎಂದವರು ಶೇ 61ರಿಂದ ಶೇ 81ಕ್ಕೆ ಹೋಗಿದ್ದರು. ತಾಪಮಾನ ಏರುತ್ತಿರುವುದು ನಿಜ ಎಂದವರು ಶೇ 84. ಆದರೆ ಅದಕ್ಕೆ ಮುಖ್ಯವಾಗಿ ಮನುಷ್ಯನೇ ಕಾರಣ ಎಂದವರು ಶೇ 57 ಮಾತ್ರ. ‘ಬದಲಾಗಿದೆ’ ಎಂಬ ಒಪ್ಪಿಗೆಗೂ ‘ಯಾಕೆ’ ಎಂಬ ತಿಳಿವಳಿಕೆಗೂ ನಡುವೆ ಉಳಿದ ಈ ಅಂತರವೇ ಎರಡನೇ ಪ್ರಶ್ನೆಯ ತಿರುಳು.

ಕಾರಣ ಹುಡುಕಿದ ನೂರೈವತ್ತು ವರ್ಷ

ಮಳೆ ಯಾಕೆ ಹೋಯಿತು ಎಂಬ ಪ್ರಶ್ನೆಗೆ ಈ ಸೀಮೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ವರ್ಷದ ಭವಿಷ್ಯ ನುಡಿಯುವ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಲೂ ಲಕ್ಷಾಂತರ ಜನರ ಸದ್ದಡಗುತ್ತದೆ. ಅವರು ನುಡಿದ ಒಂದೇ ಒಂದು ಸಾಲನ್ನು ಜನ ಊರಿಗೆ ಹೊತ್ತೊಯ್ದು, ಈ ವರ್ಷದ ಮಳೆ–ಬೆಳೆಗೆ, ರಾಜಕಾರಣಕ್ಕೆ ಅದರ ಅರ್ಥವೇನು ಎಂದು ವಾರಗಟ್ಟಲೆ ಚರ್ಚಿಸುತ್ತಾರೆ. ಬಿತ್ತನೆಗೆ ಮೊದಲು ಇಡೀ ಸೀಮೆ ಒಟ್ಟಾಗಿ ಕುಳಿತು ಮುಂಬರುವ ವರ್ಷವನ್ನು ಕುರಿತು ಯೋಚಿಸುವ ಇಂಥ ವ್ಯವಸ್ಥೆ ದೊಡ್ಡ ಸಂಪತ್ತು. ಇದನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವವರು, ಮಳೆಯ ಬಗ್ಗೆ ಇಷ್ಟು ಜನ ಇಷ್ಟು ಗಮನವಿಟ್ಟು ಕೇಳುವ ಇನ್ನೊಂದು ವೇದಿಕೆ ಯಾವುದಿದೆ ಎಂಬುದನ್ನೂ ಹೇಳಬೇಕು.

1876–78ರ ಮಹಾಬರದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ನುಚ್ಚುನೂರಾಯಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಕುಸಿದಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗ ಆ ಜಿಲ್ಲೆಯ ತಾಲ್ಲೂಕುಗಳೇ. ಹಳ್ಳಿಗಳಲ್ಲಿ ದೈವಕೋಪದ ಮಾತಿದ್ದರೆ, ಅಧಿಕಾರಿಗಳ ನಡುವೆ ಕಾಡು ಕಡಿದದ್ದೇ ಮಳೆ ತಪ್ಪಲು ಕಾರಣ ಎಂಬ ವಾದವಿತ್ತು. 1877ರಲ್ಲಿ ವಿಲಿಯಂ ಹಂಟರ್ ಎಂಬ ಅಧಿಕಾರಿ ದಕ್ಷಿಣ ಭಾರತದ ಬರಗಳಿಗೂ ಸೂರ್ಯನ ಕಲೆಗಳ ಹನ್ನೊಂದು ವರ್ಷದ ಚಕ್ರಕ್ಕೂ ನಂಟು ಹಾಕಿ ಪುಸ್ತಿಕೆಯನ್ನೇ ಬರೆದ. ಮುಂದೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರ್, ನಮ್ಮ ಮುಂಗಾರಿಗೂ ದೂರದ ಪೆಸಿಫಿಕ್ ಸಾಗರದ ಗಾಳಿಯೊತ್ತಡಕ್ಕೂ ಸಂಬಂಧವಿದೆ ಎಂದು ತೋರಿಸಿದ. ಇಂದು ನಾವು ಎಲ್ ನಿನೊ ಎಂದು ಸಲೀಸಾಗಿ ಹೇಳುವ ವಿದ್ಯಮಾನದ ತಿಳಿವಳಿಕೆ ಬೆಳೆದದ್ದು ಆ ದಾರಿಯಲ್ಲಿ. ಸುಶಿಕ್ಷಿತರ ಅಭಿಪ್ರಾಯವೂ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ ಎಂಬುದನ್ನು ಮರೆಯಬಾರದು.

ನಮ್ಮ ಕಾಲದ ಕಥೆ ಗಾಳಿಯಂತ್ರದ್ದು. ಈ ಭಾಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದ ಮೇಲೆ, ಅವು ಮೋಡವನ್ನು ಓಡಿಸುತ್ತವೆ ಎಂಬ ಮಾತು ಹಳ್ಳಿಹಳ್ಳಿಗೂ ಹಬ್ಬಿತು. ಮಹಾರಾಷ್ಟ್ರದ ಸಾಂಗ್ಲಿ, ಸತಾರಾ ಕಡೆಯ ರೈತರೂ ಇದೇ ದೂರು ಹೇಳಿದ್ದರು. ಇದು ಸರಿಯೇ? ಗಾಳಿಯಂತ್ರದ ರೆಕ್ಕೆಯ ತುದಿ ನೆಲದಿಂದ ನೂರು–ನೂರೈವತ್ತು ಮೀಟರ್ ಎತ್ತರದಲ್ಲಿರುತ್ತದೆ. ಮಳೆಮೋಡದ ತಳವೇ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೇಲೆ. ದೊಡ್ಡ ಮಳೆಮೋಡ ಹತ್ತು ಕಿಲೋಮೀಟರಿನವರೆಗೂ ಬೆಳೆದು ನಿಲ್ಲುತ್ತದೆ. ಅಷ್ಟು ದೊಡ್ಡದನ್ನು ಈ ರೆಕ್ಕೆಗಳು ಓಡಿಸಲಾರವು. ಹಾಗಾದರೆ ನಂಬಿಕೆ ಬಂದದ್ದೇಕೆ? ಒಂದು, ಹೊಂದಿಬಂದ ಕಾಲ. ರಾಜ್ಯದ ಗುಡ್ಡಗಳಲ್ಲಿ ಗಾಳಿಯಂತ್ರಗಳು ಹೆಚ್ಚತೊಡಗಿದ ಆಸುಪಾಸಿನಲ್ಲೇ 2001ರಿಂದ 2004ರವರೆಗೆ ಸತತ ಮೂರು ವರ್ಷ ಬರ ಬಿತ್ತು. ಕಣ್ಣೆದುರಿಗೆ ಹೊಸದಾಗಿ ಬಂದದ್ದು ಗಾಳಿಯಂತ್ರ, ಕಣ್ಣೆದುರಿಗೆ ಇಲ್ಲವಾದದ್ದು ಮಳೆ. ಮನಸ್ಸು ಎರಡನ್ನೂ ಒಂದೇ ದಾರಕ್ಕೆ ಪೋಣಿಸಿತು. ಇನ್ನೊಂದು, ಅದರ ಹಿಂದಿದ್ದ ನಿಜವಾದ ಅಸಮಾಧಾನ. ಗುಡ್ಡ ನಮ್ಮೂರದು, ದನ ಮೇಯುತ್ತಿದ್ದ ಜಾಗ ನಮ್ಮದು, ಕರೆಂಟು ಮಾತ್ರ ಇನ್ನೆಲ್ಲಿಗೋ ಹೋಗುತ್ತದೆ, ನಮ್ಮ ಹುಡುಗರಿಗೆ ಕೆಲಸವೂ ಇಲ್ಲ ಎಂಬ ನೋವು ಮಳೆಯ ಮಾತಾಗಿ ಹೊರಬಂತು. ವಿಜ್ಞಾನ ಗೊತ್ತಿರುವವರು ಮೋಡದ ಎತ್ತರವನ್ನು ವಿವರಿಸಿ ಎದ್ದುಹೋದರೆ ಸಾಲದು, ಆ ನೋವಿಗೂ ಉತ್ತರ ಕೊಡಬೇಕು. ಇಲ್ಲದಿದ್ದರೆ ನಂಬಿಕೆ ಕದಲುವುದಿಲ್ಲ.

ಈಗಿನ ವಿಜ್ಞಾನದ ಉತ್ತರ ಏನು? ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿ ಮನುಷ್ಯ ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಭೂಮಿ ಕಾದಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯಂತೆ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಗಾಳಿ ಒಂದು ಡಿಗ್ರಿ ಕಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಶೇ 7ರಷ್ಟು ಹೆಚ್ಚುತ್ತದೆ. ಅಂಥ ಗಾಳಿ ನೆಲದ ಹಸಿಯನ್ನು ಬೇಗ ಹೀರುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ನಡುವಿನ ಒಣ ದಿನಗಳು ಹೆಚ್ಚು ಸುಡುತ್ತವೆ. ಹಾಗೆಂದು 2023ರ ಬರವನ್ನು ಪೂರ್ತಿಯಾಗಿ ಇದರ ತಲೆಗೆ ಕಟ್ಟುವುದೂ ತಪ್ಪು. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆ ವರ್ಷದ್ದು, ಅದರಲ್ಲಿ ಎಲ್ ನಿನೊ ಪಾಲು ದೊಡ್ಡದಿತ್ತು. ಒಂದು ಬರ ಹವಾಮಾನ ಬದಲಾವಣೆಗೆ ಪುರಾವೆಯಲ್ಲ. ಅದೇ ರೀತಿ ಒಂದು ಒಳ್ಳೆಯ ಮಳೆಗಾಲ ಅದು ಸುಳ್ಳೆಂಬುದಕ್ಕೂ ಪುರಾವೆಯಲ್ಲ.

ಚಿಂತೆ ಯಾಕೆ ಉಳಿಯುವುದಿಲ್ಲ

ಮೂರನೇ ಪ್ರಶ್ನೆಗೆ ಬರೋಣ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1972ರಲ್ಲೇ ಚಿಂತೆಯ ಈ ಏರಿಳಿತವನ್ನು ಗುರುತಿಸಿದ್ದರು. ಒಂದು ಸಮಸ್ಯೆ ದಿಢೀರನೆ ಜನರ ಕಣ್ಣಿಗೆ ಬೀಳುತ್ತದೆ. ಇದನ್ನು ಸರಿಪಡಿಸಿಯೇ ತೀರುತ್ತೇವೆ ಎಂಬ ಉತ್ಸಾಹ ಏಳುತ್ತದೆ. ಅದಕ್ಕೆ ಎಷ್ಟು ಖರ್ಚು, ಎಷ್ಟು ತ್ಯಾಗ ಬೇಕು ಎಂಬುದು ತಿಳಿದಾಗ ಉತ್ಸಾಹ ಇಳಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಸಮಸ್ಯೆ ಬಂದು ಆ ಜಾಗ ಹಿಡಿಯುತ್ತದೆ. ಸಮಸ್ಯೆ ಮಾತ್ರ ಹಾಗೆಯೇ ಇರುತ್ತದೆ. ಗ್ಯಾಲಪ್ ಸಂಸ್ಥೆಯ ಸಮೀಕ್ಷೆಗಳನ್ನೇ ನೋಡಿ: ತಾಪಮಾನ ಏರಿಕೆಯ ಸುದ್ದಿಯನ್ನು ಉತ್ಪ್ರೇಕ್ಷೆ ಮಾಡಲಾಗುತ್ತಿದೆ ಎಂದ ಅಮೆರಿಕನ್ನರು 1997ರಲ್ಲಿ ಶೇ 31, 2009ರಲ್ಲಿ ಶೇ 41, 2010ರಲ್ಲಿ ಶೇ 48. ಆ ಅವಧಿಯಲ್ಲಿ ವಿಜ್ಞಾನದ ಪುರಾವೆ ಗಟ್ಟಿಯಾಗುತ್ತಲೇ ಇತ್ತು. ಆದರೆ 2008ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋದವರಿಗೆ ಅದಕ್ಕಿಂತ ಹತ್ತಿರದ ಚಿಂತೆಯಿತ್ತು, ರಾಜಕೀಯ ಪಕ್ಷಗಳೂ ಈ ವಿಷಯದಲ್ಲಿ ಎರಡು ಬಣವಾಗಿದ್ದವು.

ನಮ್ಮಲ್ಲೂ ಹೀಗೆಯೇ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದ್ದು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ಮತ್ತೆ ಬಳ್ಳಾರಿಗೆ ಸೇರಲು ವರ್ಷಗಟ್ಟಲೆ ಹೋರಾಡಿದ್ದು, 2021ರಲ್ಲಿ ವಿಜಯನಗರ ಜಿಲ್ಲೆಯಾದದ್ದು ಎಲ್ಲವೂ ಸಹಜವಾಗಿಯೇ ಜನರ ಮಾತನ್ನು ತುಂಬಿಕೊಂಡವು. 2023ರ ಬರದ ಮಾತೂ ಕೆಲವೇ ತಿಂಗಳಲ್ಲಿ ಪರಿಹಾರದ ಹಣದ ಕಡೆ ಹೊರಳಿತು. ರಾಜ್ಯ 18 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಕೇಳಿತು, ಕೇಂದ್ರ ಕೊಡಲಿಲ್ಲ ಎಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಪರಿಹಾರ ಬೇಕೇ ಬೇಕು. ಆದರೆ ಮುಂದಿನ ಬರಕ್ಕೆ ಯಾವ ಬೆಳೆ, ಯಾವ ನೀರು, ಯಾವ ತಯಾರಿ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುಳುಗಿಹೋಯಿತು.

ನೀರಾವರಿಯೂ ಅಭಿಪ್ರಾಯವನ್ನು ಬದಲಿಸುತ್ತದೆ. ಕೊಳವೆಬಾವಿ ಇರುವ ರೈತನಿಗೆ ಮೊದಲ ಬರ ಅಷ್ಟಾಗಿ ತಟ್ಟುವುದಿಲ್ಲ. ಅವನ ಮಟ್ಟಿಗೆ ಬರ ಬರುವುದು ನೀರು ಬತ್ತಿದ ದಿನ, ಎರಡು ಮೂರು ವರ್ಷ ತಡವಾಗಿ. ಕೂಡ್ಲಿಗಿ ಭಾಗದ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವಂಥ ಯೋಜನೆಗಳು ಈ ಬೆಂಗಾಡಿಗೆ ಅಗತ್ಯ. ಹಾಗೆಂದು ಇನ್ನು ಮಳೆಯ ಚಿಂತೆ ಮುಗಿಯಿತು ಎನ್ನುವ ಹಾಗಿಲ್ಲ. ನದಿಯ ನೀರು ಕೂಡ ಮಲೆನಾಡಿನಲ್ಲಿ ಬಿದ್ದ ಮಳೆಯೇ. ಜಲಾಶಯದ ಸಾಮರ್ಥ್ಯವೂ ಮೂಲದ 133 ಟಿಎಂಸಿ ಅಡಿಯಿಂದ ಹೂಳು ತುಂಬಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ.

ಎಲ್ಲಕ್ಕಿಂತ ಆಳದ ಕಾರಣ ನೆನಪಿನದು. 2011ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು, ಈ ದಿನ ಎಂದಿಗಿಂತ ಸೆಕೆ ಎನಿಸಿದವರಿಗೆ ಹವಾಮಾನ ಬದಲಾವಣೆಯ ಚಿಂತೆಯೂ ಹೆಚ್ಚಿರುತ್ತದೆ ಎಂದು ತೋರಿಸಿತು. 2019ರ ಇನ್ನೊಂದು ಅಧ್ಯಯನ ಟ್ವಿಟರ್‌ನ ಕೋಟ್ಯಂತರ ಸಂದೇಶಗಳನ್ನು ಪರಿಶೀಲಿಸಿ, ಜನ ‘ಮಾಮೂಲಿ’ ಹವಾಮಾನ ಎಂದು ಭಾವಿಸುವುದು ಹಿಂದಿನ ಎರಡರಿಂದ ಎಂಟು ವರ್ಷಗಳಲ್ಲಿ ಕಂಡದ್ದನ್ನು ಎಂದು ಕಂಡುಕೊಂಡಿತು. ವಿಜ್ಞಾನಿಗಳು ಹವಾಮಾನವನ್ನು ಅಳೆಯುವುದು ಮೂವತ್ತು ವರ್ಷಗಳ ಸರಾಸರಿಯಿಂದ. ಈ ಎರಡು ಲೆಕ್ಕಗಳ ನಡುವಿನ ಬಿರುಕಿನಲ್ಲೇ ಬದಲಾವಣೆ ಕಣ್ಣುತಪ್ಪಿಸಿಕೊಳ್ಳುತ್ತದೆ. ಕಪಿಲೆ ಹೊಡೆದು ತೆರೆದ ಬಾವಿಯಿಂದ ನೀರೆತ್ತಿದ ಹಿರಿಯರಿಗೆ ಇಂದಿನ ಅಂತರ್ಜಲದ ಸ್ಥಿತಿ ಆಘಾತ. ನೂರಾರು ಅಡಿ ಕೊರೆಯುವುದನ್ನು ಕಂಡೇ ಬೆಳೆದ ಅವರ ಮೊಮ್ಮಗನಿಗೆ ಅದು ಮಾಮೂಲಿ. ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಲ್ಲಿ ಹುಟ್ಟಿದ ಮಗು ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವ ಅಪ್ಪ–ಅಮ್ಮನನ್ನು ನೋಡುತ್ತಲೇ ಬೆಳೆದರೆ ಗುಳೆಯೂ ಒಂದು ಋತುವಿನಂತೆ ಸಹಜವಾಗಿಬಿಡುತ್ತದೆ. ಸಹಜ ಎನಿಸಿದ್ದರ ಬಗ್ಗೆ ಯಾರೂ ಅರ್ಜಿ ಕೊಡುವುದಿಲ್ಲ, ಸಭೆ ಕರೆಯುವುದಿಲ್ಲ.

ನೆನಪನ್ನು ಊರಿನ ಆಸ್ತಿ ಮಾಡಬೇಕು

ಒಬ್ಬೊಬ್ಬರ ನೆನಪು ಐದಾರು ವರ್ಷಕ್ಕೆ ಮಸುಕಾಗುವುದಾದರೆ ಊರಿನ ನೆನಪನ್ನು ಬರೆದಿಡುವುದೊಂದೇ ದಾರಿ. ಅದಕ್ಕೆ ಬೇಕಾದ ಸಾಧನ ನಮ್ಮಲ್ಲಿ ಆಗಲೇ ಇದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಬೆಂಗಳೂರಿಗೆ ಕಳಿಸುತ್ತವೆ. ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ರೈತರಿಗೆ ಮುನ್ಸೂಚನೆಯೂ ಸಿಗುತ್ತದೆ. ಬೆಂಗಳೂರಿಗೆ ಹೋದ ಆ ಲೆಕ್ಕ ಪಂಚಾಯಿತಿ ಗೋಡೆಗೂ ಬರಬೇಕು. ಯಾವ ನಕ್ಷತ್ರದಲ್ಲಿ ಎಷ್ಟು ಮಳೆ, ಎಷ್ಟು ಒಣ ದಿನ, ಕೆರೆಯಲ್ಲಿ ಎಷ್ಟು ನೀರು, ಕೊಳವೆಬಾವಿ ಎಷ್ಟು ಆಳ ಎಂಬುದನ್ನು ರೈತರಿಗೆ ಒಗ್ಗಿದ ಲೆಕ್ಕದಲ್ಲೇ ವರ್ಷವರ್ಷ ಬರೆದಿಟ್ಟರೆ ಹತ್ತು ವರ್ಷದಲ್ಲಿ ಪ್ರತಿ ಊರಿಗೂ ತನ್ನದೇ ಪುರಾವೆ ಇರುತ್ತದೆ. ಆಗ ಗಾಳಿಯಂತ್ರದ ವಾದವನ್ನಾಗಲಿ, ‘ಹವಾಮಾನ ಬದಲಾವಣೆ ಸುಳ್ಳು’ ಎಂಬ ವಾದವನ್ನಾಗಲಿ ಊರಿನವರೇ ಪರೀಕ್ಷಿಸಬಹುದು.

ಜನರ ಕಾಳಜಿ ಒಂದು ಜಾಗಕ್ಕೆ, ಒಂದು ಹೊಣೆಗೆ ಅಂಟಿಕೊಂಡಾಗ ಅದು ಬಾಳುತ್ತದೆ ಎಂಬುದಕ್ಕೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೇ ಸಾಕ್ಷಿ. ಕರಿಜಾಲಿ ಮರಗಳಿರುವ ಆ ಕೆರೆಗೆ ಹಕ್ಕಿಗಳು ಬಂದು ಗೂಡು ಕಟ್ಟಿದವು, ಊರಿನವರು ಅವನ್ನು ತಮ್ಮವೆಂದು ಕಾಪಾಡಿದರು. ಮುಂದೆ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 98.76 ಹೆಕ್ಟೇರಿನ ಆ ಜಾಗಕ್ಕೆ 2024ರ ಜನವರಿ ಕೊನೆಯಲ್ಲಿ ಜೌಗು ಪ್ರದೇಶಗಳಿಗೆ ಸಲ್ಲುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆ ಸಿಕ್ಕಿತು. ರಾಜ್ಯ ಬರದಲ್ಲಿ ಬೇಯುತ್ತಿದ್ದ ಹೊತ್ತೇ ಅದು.

ಬರ ಬಿದ್ದ ವರ್ಷ ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಾರೆ, ಆದರೆ ಆಗ ಟ್ಯಾಂಕರ್ ನೀರು, ಮೇವು ಒದಗಿಸುವುದರಲ್ಲೇ ಆಡಳಿತದ ಶಕ್ತಿಯೆಲ್ಲ ಹೋಗುತ್ತದೆ. ಹೂಳೆತ್ತಲು, ರಾಜಕಾಲುವೆಯ ಒತ್ತುವರಿ ಬಿಡಿಸಲು, ಮೆಕ್ಕೆಜೋಳದ ಜೊತೆ ಸಜ್ಜೆ–ನವಣೆಗೂ ಜಾಗ ಕೊಡಲು, ಕೊಳವೆಬಾವಿಗೆ ಮಿತಿ ಹಾಕಿಕೊಳ್ಳಲು ಸಮಯ, ಹಣ, ಸಮಾಧಾನ ಇರುವುದು ಮಳೆ ಚೆನ್ನಾಗಿ ಆದ ವರ್ಷದಲ್ಲಿ. ಆದ್ದರಿಂದ ಓದುಗರಲ್ಲಿ ಒಂದು ಮನವಿ: ಕೆರೆ ತುಂಬಿದ ವರ್ಷ ನಿಮ್ಮೂರಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಕಳೆದ ಹತ್ತು ವರ್ಷಗಳ ಮಳೆಯ ಲೆಕ್ಕವನ್ನು ಎಲ್ಲರೆದುರು ಓದಲು ಪಂಚಾಯಿತಿಗೆ ಕೇಳಿ, ಮುಂದಿನ ಬರಕ್ಕೆ ಏನು ತಯಾರಿ ಎಂಬ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.